ಕಂಟ್ರೋಲ್ ರೂಮಿನ ನಕಾಶೆ

ಭಾರತದ ನಕಾಶೆ ಬಿಡಿಸುವಾಗ ಅದರ ತಲೆ ಕತ್ತರಿಸಿದ ಹುಡುಗರಿಗೆ ನನ್ನ ತರಗತಿಯಲ್ಲಿ ಅಂಕ ಇರಲಿಲ್ಲ. ನದಿ ತಪ್ಪಿದರೆ ಕ್ಷಮಿಸುತ್ತಿದ್ದೆ. ಕೃಷ್ಣೆಯನ್ನು ಒಯ್ದು ಅರಬ್ಬಿ ಸಮುದ್ರಕ್ಕೆ ಸೇರಿಸಿದವನಿಗೂ ಅರ್ಧ ಅಂಕ ಕೊಟ್ಟು ನಕ್ಕಿದ್ದೇನೆ. ಆದರೆ ಉತ್ತರದ ಗೆರೆಯನ್ನು ಅವಸರದಲ್ಲಿ ಚಪ್ಪಟೆ ಮಾಡಿಕೊಂಡು ಬಂದವನ ಹಾಳೆಯನ್ನು ಹರಿದು ಅವನ ಕೈಗೇ ಕೊಡುತ್ತಿದ್ದೆ. "ನಿಮ್ಮಪ್ಪನ ಹೊಲದ ಬದು ಯಾರರ ಸರಿಸಿದ್ರ ಸುಮ್ನಿರ್ತೀಯೇನಲೇ?" ಎಂದು ಕೇಳಿದರೆ ಹುನಗುಂದ ತಾಲೂಕಿನ ಎಂಥ ದಡ್ಡನಿಗೂ ತಿಳಿಯುತ್ತಿತ್ತು. ಬದುವಿನ ವಿಷಯದಲ್ಲಿ ನಮ್ಮ ಕಡೆ ಅಣ್ಣತಮ್ಮಂದಿರೂ ಕೊಡಲಿ ಹುಡುಕುತ್ತಾರೆ.

ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೂ ಈ ಚಟ ಹೋಗಿಲ್ಲ. ಮದುವೆ ಕಾರ್ಡಿನ ಹಿಂದೆ, ಬಸ್ಸಿನ ಮೈಮೇಲಿನ ಜಾಹೀರಾತಿನಲ್ಲಿ, ಬಿಸ್ಕಿಟ್ ಪೊಟ್ಟಣದ ಮೇಲೆ, ಎಲ್ಲಿ ದೇಶದ ನಕಾಶೆ ಕಂಡರೂ ಕಣ್ಣು ಮೊದಲು ತಲೆಯ ಕಡೆಗೇ ಹೋಗುತ್ತದೆ. ನಮ್ಮನೆಯವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ, ಕಂಬ ಹತ್ತಿ ಹತ್ತಿಯೇ ಮೇಲೆ ಬಂದವರು. ಈಗ ಅವರೂ ನಿವೃತ್ತರು. "ಹೆಣ್ಣು ನೋಡಾಕ ಬಂದ ಬೀಗರಂಗ ನಕಾಶಿ ನೋಡ್ತಿಯಲ್ಲ ನೀ" ಎಂದು ನಗುತ್ತಾರೆ. ನಗಲಿ. ಗೆರೆ ಎಂದರೇನು ಎಂಬುದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ನನ್ನ ತವರು ಬಾಗಲಕೋಟೆಯ ಹಳೆಯ ಊರು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಯಾರೋ ಕಚೇರಿಯಲ್ಲಿ ಕೂತು ಗೆರೆ ಎಳೆದರು. ನಮ್ಮ ಓಣಿ ಗೆರೆಯ ಒಳಗೆ ಬಿತ್ತು, ಹಿಂದಿನ ಓಣಿ ಹೊರಗೆ ಉಳಿಯಿತು. ನಮ್ಮವರು ಕದ, ಚೌಕಟ್ಟು, ತೊಲೆ ಕಿತ್ತುಕೊಂಡು ನವನಗರಕ್ಕೆ ಹೋದರು. ನಾನು ಹುಟ್ಟಿದ ಕೋಣೆ ಇದ್ದ ಜಾಗದಲ್ಲಿ ಈಗ ಬಲೆ ಬೀಸುತ್ತಾರೆ. ಹಾಗಾಗಿ ಯಾರಾದರೂ "ಬರೇ ಗೆರಿ ಅಲ್ಲೇನ್ರಿ, ಹೋಗ್ಲಿ ಬಿಡ್ರಿ" ಎಂದರೆ ನನಗೆ ಮೈ ಉರಿಯುತ್ತದೆ.

ಇಂಥವಳ ಮನೆಗೆ ಚೀನಾ ದೇಶದ ಹೆಣ್ಣುಮಗಳೊಬ್ಬಳು ಇರಲು ಬಂದಳು.

ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಒಂದು ಮಡ್ಡಿ ಇದೆ. ಬರೀ ಕಲ್ಲು ನೆಲ. ಎಂಥ ಮಳೆಗಾಲದಲ್ಲೂ ಅಲ್ಲಿ ಜೋಳ ಮೊಣಕಾಲಿಗೆ ಬಂದರೆ ಹೆಚ್ಚು. ಆ ಮಡ್ಡಿಯ ಮೇಲೆ ಸೋಲಾರ್ ಪ್ಲಾಂಟ್ ಎದ್ದಿತು. ಬಿಸಿಲು ನಮ್ಮದು, ನೆಲ ನಮ್ಮದು, ಫಲಕ ಚೀನಾದವರದು. ಫಲಕದಿಂದ ಬಂದ ಕರೆಂಟನ್ನು ನಮ್ಮ ಲೈನಿಗೆ ಹೊಂದುವಂತೆ ತಿರುಗಿಸಿ ಕೊಡುವ ಇನ್ವರ್ಟರುಗಳೂ ಅವರವೇ. ಬೀರುವಿನಷ್ಟು ದೊಡ್ಡ ಆ ಯಂತ್ರಗಳು ಹಡಗಿನಲ್ಲಿ ಬಂದು, ಲಾರಿಯಲ್ಲಿ ಬಂದು, ತಾಡಪತ್ರಿ ಹೊದ್ದು ಕೂತವು. ಚಾಲೂ ಮಾಡುವವರು ಬರಲಿಲ್ಲ. ಗಡಿಯಲ್ಲಿ ನಮ್ಮ ಸೈನಿಕರು ಸತ್ತ ಮೇಲೆ ವಿಮಾನ ನಿಂತಿತ್ತು, ವೀಸಾ ನಿಂತಿತ್ತು. ಅವರ ಕಂಪನಿಯವರೇ ಬಂದು ಚಾಲೂ ಮಾಡದಿದ್ದರೆ ಯಂತ್ರಕ್ಕೆ ಗ್ಯಾರಂಟಿ ಇಲ್ಲ.

ಆ ಸೈನಿಕರು ಸತ್ತ ವಾರ ನಾನು ಟೀವಿಯ ಮುಂದೆ ಕೂತು ಬೈದ ಬೈಗುಳಗಳನ್ನು ಇಲ್ಲಿ ಬರೆದರೆ ಅಚ್ಚು ಹಾಕುವವರು ಒಪ್ಪುವುದಿಲ್ಲ. ಈಗಲೂ ಒಂದನ್ನೂ ವಾಪಸ್ ತೆಗೆದುಕೊಂಡಿಲ್ಲ. ಆದರೆ ಆ ಬೈಗುಳದ ನಡುವೆಯೂ ಹಡಗುಗಳು ಬರುತ್ತಲೇ ಇದ್ದವು ಎಂಬುದನ್ನು ನಾನು ಗಮನಿಸಿದ್ದೆ. ನಮ್ಮ ಓಣಿಯಲ್ಲಿ ಇಬ್ಬರು ನೆಗೆಣ್ಣಿಯರಿದ್ದಾರೆ, ಅಣ್ಣತಮ್ಮಂದಿರ ಹೆಂಡತಿಯರು. ಮಾತು ಬಿಟ್ಟು ವರ್ಷಗಳಾದವು, ಒಬ್ಬಳ ನೆರಳು ಒಬ್ಬಳಿಗೆ ಆಗದು. ಆದರೆ ಹಾಲಿಗೆ ಹಾಕುವ ಹೆಪ್ಪು ಮುಗಿದರೆ ನಡುಗೋಡೆಯ ಮೇಲೆ ಬಟ್ಟಲು ಇಡುತ್ತಾರೆ, ಬಟ್ಟಲು ತುಂಬಿರುತ್ತದೆ. ಎರಡು ದೊಡ್ಡ ದೇಶಗಳ ರಾಜಕಾರಣವನ್ನು ಮಕ್ಕಳಿಗೆ ಕಲಿಸಲು ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮುಂದೆ ಯಾರು ಯಾರ ಕೈ ಕುಲುಕಿದರೋ, ವಿಮಾನ ಮತ್ತೆ ಹಾರಿದವು, ವೀಸಾ ಬಂತು. ಪ್ಲಾಂಟಿನ ಮೇಲ್ವಿಚಾರಕ ನನ್ನ ಹಳೆಯ ವಿದ್ಯಾರ್ಥಿ. ಅವನು ಒಂದು ಬೆಳಿಗ್ಗೆ ಮನೆಗೆ ಬಂದು, ಚಹಾ ಕುಡಿದು, ಹವಾಮಾನ ವಿಚಾರಿಸಿ, ಕೊನೆಗೆ ಬಾಯಿಬಿಟ್ಟ.

"ಅಕ್ಕೋರ, ನಿಮ್ಮ ಮ್ಯಾಲಿನ ಖೋಲಿ ಖಾಲಿ ಐತೆಲ್ರಿ. ನಮ್ಮ ಇಂಜಿನಿಯರ್ ಒಬ್ಬಾಕಿಗೆ ಕೊಡ್ರಿ. ಒಬ್ಬಾಕಿನ ಲಾಡ್ಜಿನ್ಯಾಗ ಇಡಾಕ ಆಗಂಗಿಲ್ಲ. ಊಟಾನೂ ನಿಮ್ಮಲ್ಲೇ ಆದ್ರ ಭಾಳ ಚಲೋ."

"ಯಾವೂರಾಕಿ?"

"ಸ್ವಲ್ಪ ದೂರದಾಕಿರಿ."

"ಎಷ್ಟು ದೂರ? ಬೀದರೇನು?"

"ಬೀದರ್ ದಾಟ್ಬೇಕ್ರಿ" ಎಂದು ಅವನು ಚಹಾದ ಬಟ್ಟಲಿನೊಳಗೆ ನೋಡುತ್ತ ಹೇಳಿದ.

ಎಲ್ಲಿಯವಳು ಎಂದು ಗೊತ್ತಾದಾಗ ನಾನು ಅವನ ಕೈಯಿಂದ ಚಹಾದ ಬಟ್ಟಲು ಕಸಿದುಕೊಂಡದ್ದು ನಿಜ. ಆದರೆ ನಮ್ಮದು ಶರಣರ ಮನೆತನ. ಹಸಿದು ಬಂದವರ ಊರು ಕೇರಿ ಕೇಳಿ ತಾಟು ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ; ಕೇಳಿದ್ದೇ ತಪ್ಪು. ಬರಲಿ ಎಂದೆ.

ಬಂದಳು. ಮೂವತ್ತೈದರ ಆಸುಪಾಸು, ಕತ್ತರಿಸಿದ ಕೂದಲು, ಕೈಯಲ್ಲಿ ಸದಾ ಬಿಸಿನೀರಿನ ಥರ್ಮಾಸು. ನಮ್ಮಿಬ್ಬರ ನಡುವೆ ಇದ್ದದ್ದು ಇಂಗ್ಲಿಷು. ಅವಳದೂ ಮುರುಕು, ನನ್ನದೂ ಮುರುಕು. ಇಬ್ಬರದೂ ಕೂಡಿ ಹೇಗೋ ಒಂದು ಮಾತು ಆಗುತ್ತಿತ್ತು. ತನ್ನ ಊರಲ್ಲಿ ಅವಳಿಗೆ ಸಾಲಿಗೆ ಹೋಗುವ ಮಗನಿದ್ದ. ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಅವನ ಮುಖ ನೋಡುತ್ತಿದ್ದಳು. ಅವನು ಮಾತಾಡದೆ ಮುನಿಸಿಕೊಂಡ ದಿನ ಇವಳು ರೊಟ್ಟಿ ಕಡಿಮೆ ತಿನ್ನುತ್ತಿದ್ದಳು. ಮೊದಲು ಕಲಿತ ಕನ್ನಡ "ಸಾಕ್ರಿ." ನಮ್ಮ ಮನೆಯಲ್ಲಿ ಬೆಲೆಯೇ ಇಲ್ಲದ ಮಾತು ಅದು. ಎಣಗಾಯಿ ಬದನೆ ಅವಳಿಗೆ ಹಿಡಿಸಿತು. ನಮ್ಮ ಕೆಂಪು ಖಾರವನ್ನು ಹಸಿಯಾಗಿ ರೊಟ್ಟಿಗೆ ಹಚ್ಚಿಕೊಂಡು ಕಣ್ಣಲ್ಲಿ ಒಂದು ಹನಿ ಇಲ್ಲದೆ ತಿಂದಾಗ ನಮ್ಮನೆಯವರು ಎದ್ದು ಕೂತರು. "ಈಕಿ ನಮ್ಮಾಕಿನ" ಎಂದು ಅಂದೇ ತೀರ್ಪು ಕೊಟ್ಟುಬಿಟ್ಟರು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಓಣಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು: "ಅಲ್ರಿ, ಕಲತಾಕಿ ನೀವು. ವೈರಿ ದೇಶದಾಕಿನ್ನ ಮನಿಯಾಗ ಇಟ್ಕೊಂಡೀರಲ್ಲ?"

"ಒಳಗ ಬರ್ರಿ" ಎಂದೆ. ಬಂದಳು. "ನಿಮ್ಮ ಕೈಯಾಗಿನ ಫೋನು ಎಲ್ಲಿದು? ದೇವರ ಜಗಲಿಗೆ ಹಚ್ಚೀರಲ್ಲ ಬಣ್ಣದ ಲೈಟಿನ ಸರ, ಅದು ಎಲ್ಲಿದು? ಇಳಕಲ್ ಸೀರಿ ಸೆರಗಿಗೆ ರೇಷ್ಮಿ ಹಾಕ್ತಾರಲ್ಲ, ಅದರಾಗ ಎಷ್ಟು ಆ ಕಡಿಯಿಂದ ಬಂದದ್ದು ಅಂತ ನೇಯವರನ್ನ ಕೇಳ್ರಿ. ಸಾಮಾನು ಬೇಕು, ಮನಿಷಾಳು ಬ್ಯಾಡ. ಇದೆಂಥಾ ನ್ಯಾಯ?"

ಅವಳು ಸೆರಗು ನೋಡಿಕೊಂಡು ಹೋದಳು. ಓಣಿಯ ಮಾತು ನಿಲ್ಲಲಿಲ್ಲ. ನಾನೂ ನಿಲ್ಲಿಸಲು ಹೋಗಲಿಲ್ಲ.

ಹಾಗಂತ ನಾನು ಅವಳನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದೆ ಎಂದು ತಿಳಿಯಬೇಡಿ. ಪರದೇಶದವರು ಬಂದರೆ ಪೊಲೀಸ್ ಕಚೇರಿಯಲ್ಲಿ ಹೇಳಿಬರಬೇಕಲ್ಲ, ಅದಕ್ಕೆ ಮೂವರೂ ಬಾಗಲಕೋಟೆಗೆ ಹೋಗಿದ್ದೆವು. ಕೆಲಸ ಮುಗಿದ ಮೇಲೆ ಹಳೆಯ ಊರಿನ ಅಂಚಿಗೆ ಕರೆದುಕೊಂಡು ಹೋಗಿ ನೀರು ತೋರಿಸಿ, ಅಲ್ಲಿ ನನ್ನ ಮನೆ ಇತ್ತು ಎಂದೆ. ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಗಂಭೀರವಾಗಿ ನೋಡಿ ಕೇಳಿದ್ದೇನು ಗೊತ್ತೇ?

"ಎಷ್ಟು ಮೆಗಾವ್ಯಾಟ್?"

ಹುನಗುಂದ ಮುಟ್ಟುವವರೆಗೆ ನಾನು ಕಾರಿನ ಕಿಟಕಿಯ ಹೊರಗೇ ನೋಡುತ್ತಿದ್ದೆ. ನಮ್ಮನೆಯವರು ಹಿಂದಿನ ಸೀಟಿನಲ್ಲಿ ನಮ್ಮ ನಡುವೆ ಕೂತು ಇಬ್ಬರಿಗೂ ಪೇರಲ ಹಣ್ಣು ಹೆಚ್ಚಿಕೊಟ್ಟರು. ಅವಳೊಬ್ಬಳೇ ತಿಂದಳು.

ಮುಂದಿನ ಭಾನುವಾರ ಅವಳಿಗೆ ರಜೆ. ಬಾದಾಮಿಯ ಗುಹೆ ನೋಡಬೇಕು, ನೀವೂ ಬನ್ನಿ ಎಂದು ತಾನೇ ಕರೆದಳು. ಗುಹೆ ಹತ್ತಿ ಇಳಿದು ಬನಶಂಕರಿಗೆ ಹೋದೆವು. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಹೆಣ್ಣುಮಕ್ಕಳು ಅವಳನ್ನು ಸುತ್ತುವರಿದು, ನಕ್ಕು, ಕೈಗೆ ಮೊಸರಿನ ಕುಡಿಕೆ ಕೊಟ್ಟರು. ಹೊಂಡದ ಕಟ್ಟೆಯ ಮೇಲೆ ಕೂತಾಗ ಅವಳು ಹೇಳಿದಳು: "ಅವತ್ತು ಹಾಗೆ ಕೇಳಬಾರದಿತ್ತು. ನನ್ನ ಕೆಲಸದಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅದು. ಬಾಯಿಗೆ ಬಂದುಬಿಟ್ಟಿತು."

"ನೀ ಕೇಳಿದ್ದಕ್ಕಷ್ಟ ಸಿಟ್ಟು ಬಂದದ್ದಲ್ಲ" ಎಂದೆ. "ಎಷ್ಟು ಮೆಗಾವ್ಯಾಟ್ ಅಂತ ನನಗ ಗೊತ್ತಿರಲಿಲ್ಲ. ಇಷ್ಟು ವರ್ಷ ಸಾಲಿ ಕಲಿಸೇನಿ, ನನ್ನ ಮನಿ ಮುಳುಗಿಸಿ ಎಷ್ಟು ಕರೆಂಟ್ ತಗದ್ರು ಅನ್ನೋದು ನನಗ ಗೊತ್ತಿಲ್ಲ."

ಅವಳು ನಗಲಿಲ್ಲ. ಫೋನಿನಲ್ಲಿ ಆ ಲೆಕ್ಕ ಹುಡುಕಲೂ ಹೋಗಲಿಲ್ಲ; ಕೈಯಲ್ಲಿದ್ದ ಮೊಸರಿನ ಕುಡಿಕೆಯನ್ನು ನನಗೆ ಕೊಟ್ಟಳು. ಅವತ್ತಿನಿಂದ ನನಗೆ ಅವಳ ಮೇಲೆ ಒಂದು ಗೌರವ ಬಂತು.

ಹೀಗೆ ಇಬ್ಬರಿಗೂ ಹೊಂದಿಕೆಯಾಗುತ್ತಿರುವಾಗಲೇ ಆ ನಕಾಶೆ ಬಂದದ್ದು.

ಯಂತ್ರಗಳೆಲ್ಲ ಚಾಲೂ ಆಗಿದ್ದವು. ಪ್ಲಾಂಟಿನ ಉದ್ಘಾಟನೆಗೆ ಅಧಿಕಾರಿಗಳು ಬರುವವರಿದ್ದರು. ಯಂತ್ರದ ಪೂಜೆಯನ್ನು ನಾವು ಗಂಡ ಹೆಂಡತಿಯೇ ಮಾಡಬೇಕೆಂದು ನನ್ನ ವಿದ್ಯಾರ್ಥಿ ಹಟ ಹಿಡಿದಿದ್ದ. ಎಲ್ಲಿ ಏನು ಇಡಬೇಕು ನೋಡಿಕೊಳ್ಳಲಿ ಎಂದು ಹಿಂದಿನ ದಿನ ನನ್ನನ್ನು ಕರೆದುಕೊಂಡು ಹೋದ. ಅವಳೂ ಅಲ್ಲೇ ಇದ್ದಳು. ಕಂಟ್ರೋಲ್ ರೂಮು ತಣ್ಣಗಿತ್ತು. ಒಂದು ಗೋಡೆಗೆ ಸಾಲಾಗಿ ಇನ್ವರ್ಟರ್ ಬೀರುಗಳು. ಎದುರಿನ ಗೋಡೆಯ ಮೇಲೆ, ಎರಡು ಬಾಗಿಲಷ್ಟು ಅಗಲದ ಹೊಳೆಯುವ ಫಲಕದಲ್ಲಿ, ಏಷ್ಯಾ ಖಂಡದ ನಕಾಶೆ. ಅವರ ಕಂಪನಿಯ ಯಂತ್ರಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಹಸಿರು ಚುಕ್ಕೆ. ಪೆಟ್ಟಿಗೆಯೊಳಗೆ ಯಂತ್ರದ ಜೊತೆಗೇ ಬಂದ ಫಲಕ ಅದು. ಅವಳೇ ಬೆಳಿಗ್ಗೆ ನಿಂತು ಸ್ಕ್ರೂ ಹಾಕಿಸಿದ್ದಳು. "ಇದು ನಮ್ಮೂರು" ಎಂದು ಒಂದು ಚುಕ್ಕೆ ತೋರಿಸಿದಳು. "ಇದು ಇಲ್ಲಿ" ಎಂದು ಇನ್ನೊಂದನ್ನು ತೋರಿಸಿದಳು.

ನನ್ನ ಕಣ್ಣು ಆಗಲೇ ಮೇಲೆ ಹೋಗಿತ್ತು. ಭಾರತಕ್ಕೆ ತಲೆ ಇರಲಿಲ್ಲ. ಬಲಗಡೆಯ ಅರುಣಾಚಲ ಇರಲಿಲ್ಲ. ತಲೆಯ ಅಕ್ಸಾಯ್ ಚಿನ್ನೂ ಅರುಣಾಚಲವೂ ಅವರ ದೇಶದ ಬಣ್ಣದಲ್ಲಿದ್ದವು.

"ಇದನ್ನ ತಗೀ" ಎಂದೆ.

ಅವಳಿಗೆ ಮೊದಲು ತಿಳಿಯಲಿಲ್ಲ. ಬೆರಳು ಇಟ್ಟು ತೋರಿಸಿದೆ. ಅವಳ ಮುಖ ಬಿಗಿಯಾಯಿತು.

"ಇದು ನಾನು ಶಾಲೆಯಲ್ಲಿ ಕಲಿತ ನಕಾಶೆ" ಎಂದಳು.

"ನಾ ಸಾಲ್ಯಾಗ ಕಲಿಸಿದ ನಕಾಶಿ ಬ್ಯಾರೆ ಐತಿ" ಎಂದೆ.

ಅವಳು ತನ್ನ ಕಷ್ಟವನ್ನು ಹೇಳಿದಳು. ಈ ಫಲಕ ಗೋಡೆಯ ಮೇಲೆ ಇರುವ ಫೋಟೊ ಕಂಪನಿಗೆ ಹೋಗಬೇಕು. ಆಗಲೇ ಪ್ಲಾಂಟನ್ನು ಒಪ್ಪಿಸಿದ ಲೆಕ್ಕ. ಒಪ್ಪಿಸದೆ ಅವಳು ಊರಿಗೆ ಹೋಗುವಂತಿಲ್ಲ. ತೆಗೆದದ್ದೇಕೆ ಎಂದು ಕೇಳಿದರೆ ಏನು ಹೇಳುವುದು? ಈ ಗೆರೆ ತಪ್ಪು ಎಂದು ಅವಳ ದೇಶದಲ್ಲಿ ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಕೆಲಸ ಹೋಗುವುದು ಸಣ್ಣ ಮಾತು ಎಂದಳು. ಅದು ನಿಜವೆಂದು ನನಗೂ ಗೊತ್ತಿತ್ತು. ನಮ್ಮ ದೇಶದಲ್ಲಿ ಆ ನಕಾಶೆ ಗೋಡೆಯ ಮೇಲೆ ಇದ್ದರೆ ಪೊಲೀಸ್ ಕೇಸು ಆಗುತ್ತದೆ ಎಂಬುದೂ ಅಷ್ಟೇ ನಿಜ. ನನ್ನ ವಿದ್ಯಾರ್ಥಿಗೆ ಅತ್ತ ದರಿ, ಇತ್ತ ಪುಲಿ. ಎ.ಸಿ. ರೂಮಿನಲ್ಲಿ ನಿಂತು ಬೆವರುತ್ತಿದ್ದ.

"ಅಕ್ಕೋರ, ಒಂದು ಕ್ಯಾಲೆಂಡರ್ ತಂದು ಅದರ ಮ್ಯಾಲ ಹಾಕ್ಲೇನ್ರಿ?"

"ಮುಚ್ಚಿದ್ರ ಹಿಂದ ಅದು ಅಲ್ಲೇ ಇರ್ತದ."

"ಹಂಗಾದ್ರ ಬಿಟ್ಟಬಿಡ್ರಿ. ನಾಳೆ ಬರವರು ಯಾರೂ ಅದನ್ನ ನೋಡಂಗಿಲ್ರಿ. ಫೋಟೊ ಹೊಡಿಸ್ಕೊಂಡು ಹೋಗ್ತಾರ."

ಈ ಮಾತು ಕೇಳಿ ನನಗೆ ಚೀನಾದವರಿಗಿಂತ ಅವನ ಮೇಲೆಯೇ ಹೆಚ್ಚು ಸಿಟ್ಟು ಬಂತು. "ನಾ ನೋಡೇನಿ" ಎಂದೆ. "ಆ ಗೆರಿ ಹಂಗ ಇದ್ರ ನಾಳೆ ನಾ ಈ ಖೋಲಿಯಾಗ ಕಾಯಿ ಒಡೆಯಂಗಿಲ್ಲ. ಎಲ್ಲಾರ ಮುಂದ ನಿಂತು ಯಾಕ ಒಡೆಯಂಗಿಲ್ಲ ಅಂತನೂ ಹೇಳ್ತೇನಿ."

ಮನೆಗೆ ಬಂದು ಯೋಚಿಸಿದೆ. ಅಷ್ಟು ದೊಡ್ಡ ಮಾತು ಆಡುವುದೂ ಬೇಕಿರಲಿಲ್ಲ. ಪಕ್ಕದ ಮನೆಯ ಅಕ್ಕನ ಕಿವಿಯಲ್ಲಿ ಹೇಳಿದ್ದರೆ ಸಾಕು, ಸಂಜೆಗೆ ಪ್ಲಾಂಟಿನ ಗೇಟಿನ ಮುಂದೆ ಜನ ಸೇರುತ್ತಿದ್ದರು. ಫಲಕ ಒಡೆಯುತ್ತಿದ್ದರು. ಆದರೆ ಆ ಗೆರೆ ಎಳೆದವನು ಎಲ್ಲೋ ಎತ್ತರದ ಕಟ್ಟಡದಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಕಲ್ಲು ಬೀಳುವುದು ಇವಳ ಮೇಲೆ. ನಾನು ಹಾಗೆ ಮಾಡುವವಳಲ್ಲ. ಹಾಗಂತ ನಾಳೆ ಆ ನಕಾಶೆಯ ಮುಂದೆ ಕೈಮುಗಿದು ನಿಲ್ಲುವವಳೂ ಅಲ್ಲ. ಅವಳು ಊರಿಗೆ ಹೋಗಬೇಕು, ಗೆರೆಯೂ ಅಲ್ಲಿ ಇರಬಾರದು. ಇವೆರಡೂ ಒಟ್ಟಿಗೆ ಹೇಗೆ ಆಗಬೇಕು?

ಸಂಜೆ ಅವಳು ಊಟಕ್ಕೆ ಬಂದಳು. ಬರುವುದಿಲ್ಲವೇನೋ ಎಂದುಕೊಂಡಿದ್ದೆ. ತಾಟು ಹಾಕಿದೆ. ನಮ್ಮ ಕಡೆ ಸಿಟ್ಟು ಬಂದಾಗ ಬಡಿಸುವುದು ಕಡಿಮೆಯಾಗುವುದಿಲ್ಲ; ರೊಟ್ಟಿ ತುಸು ಜೋರಾಗಿ ಬೀಳುತ್ತದೆ, ಅಷ್ಟೇ. ಅವಳು "ಸಾಕ್ರಿ" ಅಂದರೂ ಇನ್ನೊಂದು ಹಾಕಿದೆ. ಅವಳೂ ನನ್ನ ಮುಖ ನೋಡದೆ ಅದನ್ನು ಮುಗಿಸಿದಳು. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನನಗೆ ಎರಡೂ ಗೊತ್ತು, ಜಗಳ ಮಾತ್ರ ಬಿಟ್ಟಿಲ್ಲ. ನಮ್ಮನೆಯವರು ಇಬ್ಬರನ್ನೂ ನೋಡಿ, ಶಾಂತಿ ಮಾಡಿಸುವ ಹುಮ್ಮಸ್ಸಿನಲ್ಲಿ, "ಏ, ಕರೆಂಟಿಗೆ ಗಡಿ ಇಲ್ಲ ನೋಡು. ಇಲ್ಲಿ ಹುಟ್ಟತೈತಿ, ಎಲ್ಲೋ ಹೋಗಿ ದೀಪ ಉರಿತೈತಿ" ಎಂದರು.

"ಗಡಿ ಇಲ್ಲದಿದ್ರ ಮನಿ ಮನಿಗೆ ಮೀಟರ್ ಯಾಕ ಕೂಡ್ರಿಸಿದ್ರಿ? ಇಡೀ ನೌಕರಿ ಅದನ್ನ ಮಾಡೀರಿ" ಎಂದೆ. ಅವರು ಮಜ್ಜಿಗೆ ಸುರಿದುಕೊಂಡರು.

ಮರುದಿನ ಇಳಕಲ್ ಸೀರೆ ಉಟ್ಟು, ತಾಟಿನಲ್ಲಿ ವಿಭೂತಿ, ಅರಿಸಿನ, ಕುಂಕುಮ, ಹೂವು ಇಟ್ಟುಕೊಂಡು ನಮ್ಮನೆಯವರ ಜೊತೆ ಹೋದೆ. ಏನು ಮಾಡಬೇಕೆಂದು ಆಗಲೂ ಗೊತ್ತಿರಲಿಲ್ಲ. ಹೇಳುವುದನ್ನು ಹೇಳಿ ತಿರುಗಿ ಬರುವುದು, ಆದದ್ದು ಆಗಲಿ ಎಂದಷ್ಟೇ ಇತ್ತು. ಕಂಟ್ರೋಲ್ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧಿಕಾರಿಗಳು, ಗುತ್ತಿಗೆದಾರರು, ಸೋಲಾರ್ ಫಲಕ ತೊಳೆಯುವ ಹೆಣ್ಣುಮಕ್ಕಳು, ಬಾಗಿಲಲ್ಲಿ ಡೊಳ್ಳಿನವರು. ನಕಾಶೆ ಗೋಡೆಯ ಮೇಲೆ ಹಾಗೇ ಇತ್ತು. ಅವಳು ಅದರ ಪಕ್ಕದಲ್ಲಿ, ತೊಳೆದ ಸಮವಸ್ತ್ರ ಹಾಕಿ, ಪರೀಕ್ಷೆಯ ಫಲಿತಾಂಶಕ್ಕೆ ನಿಂತವಳಂತೆ ನಿಂತಿದ್ದಳು. ನನ್ನ ವಿದ್ಯಾರ್ಥಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

ನಾನು ಮೊದಲು ಬೀರುಗಳ ಕಡೆ ತಿರುಗಿದೆ. ಒಂದೊಂದರ ಬಾಗಿಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಅರಿಸಿನ, ಕುಂಕುಮ ಇಡುತ್ತ ಹೋದೆ. ನೀರು ಬೆರೆಸಿದ ಕುಂಕುಮ ಗಟ್ಟಿಯಾಗಿ, ಕೆಂಪಗೆ, ಚೆನ್ನಾಗಿ ಹಿಡಿಯುತ್ತಿತ್ತು. ಕೊನೆಯ ಬೀರು ಮುಗಿಸಿ ತಿರುಗಿದಾಗ ಎದುರಿಗೆ ನಕಾಶೆ. ಬೆರಳಿನಲ್ಲಿ ಕುಂಕುಮ ಉಳಿದಿತ್ತು.

ಮೂವತ್ತು ವರ್ಷ ಕರಿಹಲಗೆ ಮೇಲೆ ಸೀಮೆಸುಣ್ಣ ಎತ್ತದೆ ಆ ಗೆರೆ ಎಳೆದ ಕೈ ಇದು. ಕಣ್ಣು ಮುಚ್ಚಿದರೂ ತಪ್ಪುವುದಿಲ್ಲ. ಫಲಕದ ಹತ್ತಿರ ಹೋಗಿ, ಬೆರಳನ್ನು ತಾಟಿನಲ್ಲಿ ಅದ್ದಿ, ಕಾಶ್ಮೀರದ ನೆತ್ತಿಯಿಂದ ಶುರು ಮಾಡಿದೆ. ಕಾರಾಕೋರಂ ಸುತ್ತಿ, ಅಕ್ಸಾಯ್ ಚಿನ್ ಪೂರ್ತಿ ಒಳಗೆ ತಂದು, ಲಡಾಖಿನ ಭುಜ ಇಳಿಸಿ, ಹಿಮಾಚಲ, ಉತ್ತರಾಖಂಡ ದಾಟಿ, ನೇಪಾಳದ ಕೆಳಗೆ ಸಾಗಿ, ಸಿಕ್ಕಿಮಿನ ಉಬ್ಬು ಎತ್ತಿ, ಭೂತಾನವನ್ನು ಮೇಲೆ ಬಿಟ್ಟು, ಅರುಣಾಚಲವನ್ನು ತೋಳು ಚಾಚಿ ತಬ್ಬಿಕೊಂಡಂತೆ ಒಳಗೆ ಸೇರಿಸಿದೆ. ನಡುವೆ ಮೂರು ಸಲ ಕುಂಕುಮ ಅದ್ದಬೇಕಾಯಿತು. ನನ್ನ ದಪ್ಪ ಗೆರೆಯ ಮುಂದೆ ಅವರ ಸಣ್ಣ ಗೆರೆ ಕಣ್ಣಿಗೇ ಬೀಳದಂತಾಯಿತು. ಡೊಳ್ಳು ಬಾರಿಸುತ್ತಲೇ ಇತ್ತು. ಇದೂ ಪೂಜೆಯ ಒಂದು ಭಾಗವೆಂದೇ ಎಲ್ಲರೂ ತಿಳಿದರು. ಮುಂದೆ ನಿಂತಿದ್ದ ಅಧಿಕಾರಿಯೊಬ್ಬರು ಶೂ ಬಿಚ್ಚಿ ಕೈಮುಗಿದರು. ಫಲಕ ತೊಳೆಯುವ ಹೆಣ್ಣುಮಗಳೊಬ್ಬಳು ಬಂದು ಅದರ ಮೇಲೊಂದು ಸೇವಂತಿಗೆ ಸಿಕ್ಕಿಸಿದಳು. ಬೆರಳಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅವಳು ಹಿಂದಿನ ದಿನ ತೋರಿಸಿದ್ದ ಅವಳೂರಿನ ಚುಕ್ಕೆಗೂ ಒಂದು ಬೊಟ್ಟು ಇಟ್ಟೆ. ಅಲ್ಲಿ ಒಬ್ಬ ಹುಡುಗ ತಾಯಿಯ ದಾರಿ ಕಾಯುತ್ತಿದ್ದ, ಅವನೊಂದಿಗೆ ನನಗೆ ಯಾವ ತಕರಾರೂ ಇರಲಿಲ್ಲ.

ತಿರುಗಿ ನೋಡಿದೆ. ನಮ್ಮನೆಯವರು ಹೊರಗೆ ಕಾಯಿಯ ನಾರು ಸುಲಿಯುತ್ತಿದ್ದರು; ಆ ಕೋಣೆಯಲ್ಲಿ ನಾನು ಮಾಡಿದ್ದೇನೆಂದು ತಿಳಿದವರು ಇಬ್ಬರೇ. ಒಬ್ಬ ನನ್ನ ವಿದ್ಯಾರ್ಥಿ. ಅವನ ಬಾಯಿ ತೆರೆದೇ ಇತ್ತು. ಇನ್ನೊಬ್ಬಳು ಅವಳು. ನನ್ನ ಬೆರಳು ನೆತ್ತಿಯಿಂದ ಹೊರಟಾಗಲೇ ಅವಳಿಗೆ ಗೊತ್ತಾಗಿತ್ತು. ನನ್ನನ್ನೇ ದಿಟ್ಟಿಸುತ್ತಿದ್ದಳು. ನಾನೂ ಕಣ್ಣು ಕೆಳಗೆ ಮಾಡಲಿಲ್ಲ. ಒರೆಸುವುದಾದರೆ ಒರೆಸು, ಎಲ್ಲರ ಮುಂದೆ ಒರೆಸು ಎಂದು ಮನಸ್ಸಿನಲ್ಲಿ ಹೇಳಿದೆ.

ಕಾಯಿ ಒಡೆದೆವು. ಜನ ಪೇಢೆ ತಿನ್ನಲು ಹೊರಗೆ ಹೋದರು. ಅಷ್ಟರಲ್ಲಿ ಅವಳಿಗೆ ಫೋನು ಬಂತು, ಅವಳ ಕಂಪನಿಯ ಮೇಲಧಿಕಾರಿಯದು. ಮುಖ ಕಾಣುವ ಕರೆ. ಅವನು ಗೋಡೆ ತೋರಿಸು ಎಂದಿರಬೇಕು, ಅವಳು ಫೋನನ್ನು ಫಲಕದ ಕಡೆ ತಿರುಗಿಸಿದಳು. ಅವನ ದನಿ ಏರಿತು. ಅವಳು ಫೋನನ್ನು ಎದೆಗೆ ಒತ್ತಿಕೊಂಡು ನನ್ನ ವಿದ್ಯಾರ್ಥಿಯನ್ನು ಕೇಳಿದಳು: "ಫಲಕದ ಮೇಲೆ ಯಾರೋ ಬಣ್ಣ ಬಳಿದಿದ್ದಾರೆ, ಈ ಕೆಂಪು ಒರೆಸಿ ಫೋಟೊ ಕಳಿಸು ಎನ್ನುತ್ತಿದ್ದಾನೆ. ಒರೆಸಬಹುದೇ?"

ಹಿಂದಿನ ದಿನ ಕ್ಯಾಲೆಂಡರ್ ಹುಡುಕುತ್ತಿದ್ದ ಹುಡುಗ ಆಗ ಗಂಟಲು ಸರಿಮಾಡಿಕೊಂಡ. "ಇಲ್ರಿ ಮೇಡಂ. ಪೂಜಿ ಮಾಡಿದ ಕುಂಕುಮ ಕೈಯಿಂದ ಒರೆಸಂಗಿಲ್ರಿ. ತಾನ ಉದುರಬೇಕು. ನಮ್ಮ ಮಗ್ಗಕ್ಕ ಹಚ್ಚಿದ್ದೂ ಹಂಗ, ಮೋಟರಿಗೆ ಹಚ್ಚಿದ್ದೂ ಹಂಗ." ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದ.

ಅವಳು ನನ್ನ ಕಡೆ ತಿರುಗಿದಳು. "ನಿಜವೇ?"

"ಖರೆ" ಎಂದೆ. ಅದು ಖರೆಯೇ. ಇಳಕಲ್ಲಿನ ಯಾವ ನೇಕಾರನ ಮನೆಗಾದರೂ ಹೋಗಿ ನೋಡಿ.

ಮೇಜಿನ ಮೇಲೆ ಬಿಳಿ ಬಟ್ಟೆ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಬಟ್ಟೆಯ ಕಡೆಗೂ ನೋಡಿದಳು, ಸೇವಂತಿಗೆಯ ಕಡೆಗೂ ನೋಡಿದಳು. ಆಮೇಲೆ ಫೋನನ್ನು ಕಿವಿಗಿಟ್ಟು ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಅವನ ದನಿ ಇಳಿಯಿತು. ಕರೆ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೆಂಪು ಗೆರೆ ಸಮೇತ ಫಲಕದ ಫೋಟೊ ತೆಗೆದು ಕಳಿಸಿದಳು.

"ಏನಂದಿ ಅವಂಗ?" ಎಂದು ಕೇಳಿದೆ.

"ಈ ಊರಿನ ಜನ ಯಂತ್ರವನ್ನು ಮನೆಯ ಸೊಸೆಯ ಹಾಗೆ ಸಿಂಗರಿಸುತ್ತಾರೆ, ಒರೆಸಿದರೆ ನಾಳೆಯಿಂದ ಒಬ್ಬ ಕೆಲಸಗಾರನೂ ಬರುವುದಿಲ್ಲ ಎಂದೆ" ಎಂದಳು. ನಗಲಿಲ್ಲ. ನನಗೂ ನಗು ಬರಲಿಲ್ಲ. ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾವಿಬ್ಬರೇ ಕೂತೆವು, ನಮ್ಮನೆಯವರು ಮುಂದೆ.

ಕಂಪನಿಯಿಂದ ಒಪ್ಪಿಗೆ ಬಂತು. ಅವಳು ಹೊರಡುವ ದಿನ ಉಡಿ ತುಂಬಿದೆ. ಮಗಳು ತವರಿನಿಂದ ಹೊರಟರೆ ಖಣ, ಕಾಯಿ, ಅಕ್ಕಿ, ಅರಿಸಿನ ಬೇರು ಸೆರಗಿಗೆ ಹಾಕಿ ಕಳಿಸುವುದು ನಮ್ಮ ಪದ್ಧತಿ. ಅವಳಿಗೆ ಸೆರಗು ಎಲ್ಲಿಯದು? ನನ್ನದೇ ಒಂದು ಇಳಕಲ್ ಸೀರೆ ಉಡಿಸಿದೆ. ಪಕ್ಕದ ಮನೆಯ ಅಕ್ಕ ಬಾಗಿಲಿಗೆ ಬಂದು ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಳು. "ಹೆಂಗೂ ನೋಡಾಕ ಬಂದೀರಿ, ಒಳಗ ಬಂದು ಆರತಿ ತಾಟ ಹಿಡೀರಿ" ಎಂದೆ. ಅವಳಿಗೆ ಇಲ್ಲ ಎನ್ನಲು ಆಗಲಿಲ್ಲ, ಹಿಡಿದಳು. ನಾಳೆ ಓಣಿಯಲ್ಲಿ ಮಾತು ಬಂದರೆ ಅದರಲ್ಲಿ ಅವಳ ಪಾಲೂ ಇರಲಿ ಎಂದು ನನ್ನ ಲೆಕ್ಕ. ಕಾರು ಹತ್ತುವಾಗ ಇವಳು ನನ್ನ ಕೈ ಹಿಡಿದು ಬಿಡದೆ ನಿಂತಾಗ ಮಾತ್ರ ನನ್ನ ಲೆಕ್ಕವೆಲ್ಲ ತಪ್ಪಿತು. ನಾನು ಅತ್ತುಬಿಟ್ಟೆ.

ಎಷ್ಟೋ ವಾರ ಕಳೆದು ಅವಳಿಂದ ಒಂದು ಚಿತ್ರ ಬಂತು. ಅವರ ಕಂಪನಿ ತನ್ನ ನೌಕರರಿಗಾಗಿ ಅಚ್ಚು ಹಾಕಿಸುವ ಪತ್ರಿಕೆಯ ಪುಟ. ಇಡೀ ಪುಟದ ತುಂಬಾ ನಮ್ಮ ಕಂಟ್ರೋಲ್ ರೂಮಿನ ಗೋಡೆ: ನಕಾಶೆ, ಸೇವಂತಿಗೆ, ಕುಂಕುಮದ ಗೆರೆ. ಮೇಲೆ ಅವರ ಲಿಪಿಯಲ್ಲಿ ಏನೋ ತಲೆಬರಹ. ಅದರ ಅರ್ಥವನ್ನು ಅವಳೇ ಬರೆದಿದ್ದಳು: "ಭಾರತದ ಹಳ್ಳಿಯೊಂದರಲ್ಲಿ ನಮ್ಮ ಯಂತ್ರಗಳಿಗೆ ಸಿಕ್ಕ ಆಶೀರ್ವಾದ." ಅದರ ಕೆಳಗೆ ಇನ್ನೊಂದು ಸಾಲು: "ನಿಮ್ಮ ಗೆರೆಯನ್ನು ನಾನು ಒಪ್ಪಿಲ್ಲ, ಅದು ನೆನಪಿರಲಿ."

"ಒಪ್ಪಬೇಡ" ಎಂದು ಬರೆದೆ. "ನಿನ್ನದನ್ನು ನಾನೂ ಒಪ್ಪಿಲ್ಲ. ರಜೆ ಬಿಟ್ಟಾಗ ಮಗನನ್ನು ಕರೆದುಕೊಂಡು ಬಾ."

ಫೋನನ್ನು ನಮ್ಮನೆಯವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದರು.

"ಅರುಣಾಚಲ ಒಂದೀಟು ದೊಡ್ಡದಾಗೇತಲ್ಲ" ಎಂದರು.

"ಆಗ್ಲಿ" ಎಂದೆ.